ಹಳೆಯ ಯಂತ್ರಕ್ಕೆ ಹೊಸ ಕೈ



ಓಡುವ ಯಂತ್ರವೊಂದು ನಡುದಾರಿಯಲ್ಲಿ ನಿಂತಾಗ ಓದುಬರಹ ಬಲ್ಲ ನಾವು ಮಾಡುವುದೇನೆಂಬುದು ತಮಗೆ ತಿಳಿಯದ ಸಂಗತಿಯಲ್ಲ. ನಾಲ್ಕು ಸಲ ಕಿಕ್ಕು ಹೊಡೆಯುತ್ತೇವೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ಇಣುಕುತ್ತೇವೆ. ಆಮೇಲೆ ದಾರಿಯಲ್ಲಿ ಬರುವವರ ಮುಖ ನೋಡುತ್ತ ನಿಲ್ಲುತ್ತೇವೆ. ಇದೇ ಸೀಮೆಯಲ್ಲಿ ನಮ್ಮ ಅಜ್ಜಂದಿರು ಬಂಡಿಯ ಅಚ್ಚಿಗೆ ತಾವೇ ಕೀಲೆಣ್ಣೆ ಹಾಕುತ್ತಿದ್ದರು. ಸಡಿಲಾದ ಕೂರಿಗೆಯನ್ನು ಹೊಲದ ಬದುವಿನ ಮೇಲೆಯೇ ಬಿಗಿಮಾಡಿಕೊಳ್ಳುತ್ತಿದ್ದರು. ಕಮ್ಮಾರನ ಮನೆಯ ದಾರಿ ಹಿಡಿಯುವುದು ಕೈಮೀರಿದ ಮೇಲೆ ಮಾತ್ರ. ಪುಸ್ತಕ ಕೈಗೆ ಬಂದ ತಲೆಮಾರಿನಲ್ಲಿ ಈ ವಿದ್ಯೆ ಕೈಬಿಟ್ಟುಹೋಯಿತು. ಮಠದ ಪ್ರಸಾದನಿಲಯದಲ್ಲಿ ಬೆಳೆದ ನಾವು ನೀರು ಸೇದಿದವರು, ಪಾತ್ರೆ ತೊಳೆದವರು, ತೋಟಕ್ಕೆ ಪಾತಿ ಕಟ್ಟಿದವರು. ಆದರೂ ಕಬ್ಬಿಣದ ಕೆಲಸ ನಮ್ಮದಲ್ಲವೆಂಬ ಭಾವನೆ ಹೇಗೋ ಮನಸ್ಸಿನಲ್ಲಿ ನೆಲೆಸಿಬಿಟ್ಟಿತ್ತು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನಾನು ಮೊದಲ ಬಾರಿಗೆ ಪಾನಾ ಹಿಡಿದದ್ದು ನನ್ನ ಅರವತ್ತೇಳನೆಯ ವಯಸ್ಸಿನಲ್ಲಿ.

ಹಿಡಿಯಬೇಕಾಗಿ ಬಂದ ಕಾರಣವನ್ನು ಹೇಳುತ್ತೇನೆ. ನಮ್ಮ ಅಣ್ಣನವರು ಹಿಂದೆ ಗ್ರಾಮಸೇವಕರಾಗಿದ್ದರು. 1976ರಲ್ಲಿ ಅವರು ಒಂದು ಯೆಜ್ಡಿ ಮೋಟಾರ್ ಸೈಕಲ್ ಕೊಂಡರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆ ಅವರ ನೌಕರಿಯ ಕಾಲ ಹಂಚಿಹೋಯಿತು. ಆಗ ಇವೆಲ್ಲವೂ ಬಳ್ಳಾರಿ ಜಿಲ್ಲೆ. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಐದೂ ವಿಜಯನಗರ ಜಿಲ್ಲೆಗೆ ಬಂದವು. ಕಚೇರಿಯ ಕಾಗದಗಳು ಹೀಗೆ ಅಲೆದಾಡಿದರೂ ಮಣ್ಣು ಮಾತ್ರ ಅದೇ. ಕೂಡ್ಲಿಗಿಯ ಕಡೆ ಕೆಂಪು ಮರಳು, ಬೇಸಿಗೆಯಲ್ಲಿ ಮೂಗಿಗೂ ಬಾಯಿಗೂ ಧೂಳು. ಹಡಗಲಿಯ ಎರೆಭೂಮಿಯಲ್ಲಿ ಒಂದು ಹದಮಳೆ ಬಿದ್ದರೆ ಸಾಕು, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕೆಸರು ಮೆತ್ತಿಕೊಂಡು ಗಾಡಿ ಎತ್ತಿನಂತೆ ಮೊಂಡುಬೀಳುತ್ತಿತ್ತು. ಹೈಬ್ರಿಡ್ ಜೋಳದ ಬೀಜದ ಚೀಲವನ್ನು ಹಿಂದೆ ಕಟ್ಟಿಕೊಂಡು ಅಣ್ಣನವರು ಈ ಎರಡು ಬಗೆಯ ನೆಲವನ್ನೂ ದಾಟುತ್ತಿದ್ದರು. ಗಾಡಿ ಕೆಟ್ಟರೆ ಬೇವಿನ ಮರದ ನೆರಳು ಹುಡುಕಿ, ಅಂಗಿ ಕಳಚಿ ಕೊಂಬೆಗೆ ತಗುಲಿಸಿ, ಕುಳಿತು ಬಿಚ್ಚುತ್ತಿದ್ದರು. ಕಾಲೇಜಿನ ರಜೆಯಲ್ಲಿ ಅವರ ಹಿಂದೆ ಕುಳಿತು ಹೋದಾಗ ನಾನು ಅದೇ ನೆರಳಿನಲ್ಲಿ ಕಾದಂಬರಿ ಓದುತ್ತಿದ್ದೆ.

2009ರಲ್ಲಿ ಗಾಡಿ ಕೊಟ್ಟಿಗೆ ಸೇರಿತು. 2022ರಲ್ಲಿ ಅಣ್ಣನವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ಕೇಳಿದ್ದೆಲ್ಲ ತಿಳಿಯುತ್ತದೆ, ಹೇಳಲು ನಾಲಗೆ ಬಾರದು. ಈಗ ಅವರಿಗೆ ಎಡಗೈಯೇ ಮಾತು.

ಕಳೆದ ವರ್ಷ ದಾವಣಗೆರೆಯ ಕಡೆಯ ತರುಣನೊಬ್ಬ ಗಾಡಿಯ ಸುದ್ದಿ ತಿಳಿದು ಮನೆಗೆ ಬಂದ. ಇಂಥ ಹಳೆಯ ಗಾಡಿಗಳನ್ನು ಕೊಂಡು, ಹೊಳಪು ಕೊಟ್ಟು, ಹವ್ಯಾಸಿಗಳಿಗೆ ಮಾರುವುದು ಅವನ ಉದ್ಯೋಗ. ಕೊಟ್ಟಿಗೆಯಲ್ಲಿ ನಿಂತಂತೆಯೇ ಅರವತ್ತು ಸಾವಿರ ಕೊಡುತ್ತೇನೆಂದ. ಬೆಂಗಳೂರಿನಲ್ಲಿರುವ ಅಣ್ಣನ ಮಗ ದೂರವಾಣಿಯಲ್ಲಿಯೇ ಒಪ್ಪಿದ. ಔಷಧಿಗೂ, ದಿನವೂ ಬಂದು ಕೈಕಾಲಿಗೆ ವ್ಯಾಯಾಮ ಮಾಡಿಸುವವರಿಗೂ ತಿಂಗಳು ತಿಂಗಳೂ ಹಣ ಬೇಕಲ್ಲವೇ? ಅವನ ಲೆಕ್ಕದಲ್ಲಿ ದೋಷವಿರಲಿಲ್ಲ. ಆದರೆ ಅಣ್ಣನವರ ಕಿವಿಗೆ ಈ ಮಾತು ಬಿದ್ದಾಗ ಅವರು ಎಡಗೈಯಿಂದ ಗೋಡೆ ಹಿಡಿದು, ಅತ್ತಿಗೆಯವರ ಹೆಗಲಿಗೆ ಭಾರ ಹಾಕಿ, ಕೊಟ್ಟಿಗೆಯ ತನಕ ನಡೆದು ಬಂದರು. ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತರು. ಬಂದ ತರುಣ ಸಭ್ಯಸ್ಥ. ಕಾಫಿ ಕುಡಿದು, ನಮಸ್ಕರಿಸಿ ಹೊರಟುಹೋದ.

ಮಾರುವುದಿಲ್ಲವೆಂದಾದ ಮೇಲೆ ಸುಮ್ಮನೆ ತುಕ್ಕು ಹಿಡಿಯಲು ಬಿಡುವುದು ಹೇಗೆ? ಮೊದಲು ಗಾಡಿಯನ್ನು ಒಂದು ಗ್ಯಾರೇಜಿಗೆ ಸಾಗಿಸಿದೆವು. ಎರಡು ತಿಂಗಳು ಅಲ್ಲಿ ಬಿಸಿಲಿಗೆ ನಿಂತು, ಮೂರು ತಿರುಪು ಕಳೆದುಕೊಂಡು, ಮೊದಲಿದ್ದಂತೆಯೇ ಹಿಂತಿರುಗಿತು. ಅಲ್ಲಿಯ ಹುಡುಗರನ್ನು ದೂರಿ ಫಲವಿಲ್ಲ. ಅವರು ಹುಟ್ಟುವ ಮೊದಲೇ ಈ ಗಾಡಿಯ ಕಾರ್ಖಾನೆ ಮುಚ್ಚಿತ್ತು.

ಆ ಕಾರ್ಖಾನೆಯ ಕಥೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕು ಪಡೆದ. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಕೂಡಿ ‘ಜಾವಾ’ ಆಯಿತು. ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಸ್ಥಾಪಿಸಿ 1961ರಿಂದ ಆ ಗಾಡಿಗಳನ್ನು ನಮ್ಮಲ್ಲಿಯೇ ತಯಾರಿಸತೊಡಗಿದರು. ಎಪ್ಪತ್ತರ ದಶಕದಲ್ಲಿ ಅದೇ ಯಂತ್ರ ಯೆಜ್ಡಿಯೆಂಬ ಹೆಸರು ಪಡೆಯಿತು. ಅದು ಪರ್ಷಿಯಾದ ಯಜ್ದ್ ನಗರದಿಂದ ಬಂದ ಹೆಸರು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬೇರೆಯವರಿಂದ ಬಂದಿವೆ. ಹೆಸರು ಹಳೆಯದು, ಯಂತ್ರ ಬೇರೆ.

ಅಣ್ಣನ ಗಾಡಿಯ ಯಂತ್ರ ಅತ್ಯಂತ ಸರಳ. ಒಂದೇ ಸಿಲಿಂಡರ್, ಸುಮಾರು 250 ಸಿ.ಸಿ., ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್ ಎಂಜಿನ್. ತೆರೆದು ಮುಚ್ಚುವ ವಾಲ್ವುಗಳೇ ಇಲ್ಲ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕೋಣೆಗೆ ಗಾಳಿ ಮತ್ತು ಪೆಟ್ರೋಲು ಬೆರೆತು ಸೇರುತ್ತವೆ. ಇಳಿಯುವಾಗ ಆ ಮಿಶ್ರಣ ಪಕ್ಕದ ದಾರಿಯಿಂದ ಮೇಲಕ್ಕೆ ತಳ್ಳಲ್ಪಡುತ್ತದೆ. ಅಲ್ಲಿ ಒತ್ತಿ ಕಿಡಿ ಕೊಟ್ಟರೆ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಕೆಳಗಿನ ಬೇರಿಂಗುಗಳಿಗೆ ಎಣ್ಣೆ ಮುಟ್ಟುವುದೂ ಈ ಪೆಟ್ರೋಲಿನ ಜೊತೆಗೇ. ಪೆಟ್ರೋಲಿಗೆ ಎಣ್ಣೆ ಬೆರೆಸುವುದೇಕೆಂದು ನಾನು ವಿದ್ಯಾರ್ಥಿಯಾಗಿದ್ದಾಗ ಅಣ್ಣನವರನ್ನು ಕೇಳಿದ್ದೆ; ಅವರು ನಕ್ಕು, ‘ಒಗ್ಗರಣಿಗೆ ಎಣ್ಣಿ ಯಾಕ ಹಾಕ್ತಾರ ನಿಮ್ಮತ್ತಿಗಿನ್ನ ಕೇಳು’ ಎಂದಿದ್ದರು.

ಇನ್ನೊಂದು ವಿಶೇಷವನ್ನು ಹೇಳದೆ ಮುಂದೆ ಹೋಗಲಾರೆ. ಎಡಬದಿಯ ಒಂದೇ ಲಿವರ್ ಗೇರಿಗೂ ಕಿಕ್ಕಿಗೂ ಸಲ್ಲುತ್ತದೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು. ಗಾಡಿ ಚಾಲೂ ಆದ ಮೇಲೆ ಸ್ವಸ್ಥಾನಕ್ಕೆ ಬಂದು ಗೇರು. ಗೇರು ಬದಲಿಸುವಾಗ ಅದೇ ಲಿವರ್ ಕ್ಲಚ್ಚನ್ನೂ ತಾನೇ ಬಿಡಿಸುತ್ತದೆ. ಹಿಂಚಕ್ರದ ಚೈನು ಪೂರ್ತಿ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿದೆ. ಕೂಡ್ಲಿಗಿಯ ಧೂಳಿಗೂ ಹಡಗಲಿಯ ಕೆಸರಿಗೂ ಹೆದರದಿದ್ದ ಗುಟ್ಟು ಅಲ್ಲಿದೆ.

ಗ್ಯಾರೇಜಿನಿಂದ ಗಾಡಿ ಮರಳಿದ ಸಂಜೆ ನಾನೇ ಬಿಚ್ಚುತ್ತೇನೆಂದೆ. ಅತ್ತಿಗೆಯವರು, ‘ಯಾಕ್ ಬೇಕಪಾ ಮೇಷ್ಟ್ರ ನಿನಗ ಈ ಉಸಾಬರಿ? ಕೈಗೆ ಗಾಯ ಮಾಡ್ಕೊಂಡೀ’ ಎಂದರು. ಅಣ್ಣನವರು ಎಡಗೈಯಿಂದ ಮಂಚದ ಕೆಳಗೆ ತೋರಿಸಿದರು. ಅಲ್ಲಿದ್ದ ತಗಡಿನ ಪೆಟ್ಟಿಗೆಯಲ್ಲಿ 10, 14, 17 ಅಂಕಿಯ ಪಾನಾಗಳು, ಪ್ಲಗ್ಗು ಬಿಚ್ಚುವ ಕೊಳವೆ, ಫೀಲರ್ ಗೇಜೆಂಬ ತೆಳ್ಳನೆಯ ಉಕ್ಕಿನ ಎಲೆಗಳ ಕಟ್ಟು, ಎಣ್ಣೆ ಹತ್ತಿ ಕಂದಿದ ಕೈಪಿಡಿ. ಇಂದಿನ ಗಾಡಿಗಳ ಕೈಪಿಡಿ ಕೊಂಡವನಿಗೆ ಬಹುಪಾಲು ಹೇಳುವುದು ಅಧಿಕೃತ ಕೇಂದ್ರಕ್ಕೆ ಹೋಗೆಂದು. ಆ ಕಾಲದ್ದು ಇದನ್ನು ಬಿಚ್ಚು, ಇಷ್ಟು ಅಂತರವಿಡು, ಹೀಗೆ ಬಿಗಿ ಎಂದು ಹೇಳುತ್ತಿತ್ತು. ಸವಾರನಿಗೆ ಕೈಗಳಿವೆಯೆಂದು ನಂಬಿ ಬರೆದ ಪುಸ್ತಕವದು.

ವಾಚಕರೇ, ತಾವೂ ಒಮ್ಮೆ ಇಂಥ ಕೆಲಸಕ್ಕೆ ಕೈಹಚ್ಚುವುದಾದರೆ ಮೊದಲು ತಿರುಪು ಬಿಚ್ಚಬೇಡಿರಿ. ಮೊದಲು ಕಾರಣ ಕೇಳಿರಿ. ಎಂಜಿನ್ ಉಸಿರಾಡಲು ಮೂರು ಬೇಕು: ಕಿಡಿ, ಇಂಧನ, ಒತ್ತಡ. ಯಾವುದು ಇಲ್ಲವೆಂದು ಗೊತ್ತಾಗದ ಹೊರತು ಕೈಹಾಕುವುದು ನಾಡಿ ನೋಡದೆ ಮದ್ದು ಕೊಟ್ಟಂತೆ. ಕಿಕ್ಕು ಹೊಡೆದು ಪ್ಲಗ್ಗು ಬಿಚ್ಚಿ ನೋಡಿದಾಗ ಅದು ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿಯ ಕಡೆ ಸಂಶಯಪಡಬೇಕು. ಒಣಗಿದ್ದರೆ ಪೆಟ್ರೋಲಿನ ದಾರಿ ಹುಡುಕಬೇಕು. ನಮ್ಮ ಗಾಡಿಯಲ್ಲಿಯಾದರೋ ಈ ಪರೀಕ್ಷೆಗೂ ಅವಕಾಶವಿರಲಿಲ್ಲ. ಕಿಕ್ಕೇ ಅಲುಗಲಿಲ್ಲ. ಹದಿನೈದು ವರ್ಷಕ್ಕೂ ಮಿಕ್ಕಿ ನಿಂತ ಪಿಸ್ಟನ್ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿತ್ತು.

ಇಲ್ಲಿ ಬಲ ಪ್ರಯೋಗಿಸಿದರೆ ಗೇರುಪೆಟ್ಟಿಗೆಯ ಹಲ್ಲು ಮುರಿಯುತ್ತದೆ. ಅಣ್ಣನವರು ಎಡಗೈಯನ್ನು ಮೇಲೆತ್ತಿ ನಿಧಾನವಾಗಿ ಕೆಳಗಿಳಿಸಿ ಸನ್ನೆ ಮಾಡಿದರು. ಆಮೇಲೆ ಸುರಿಯುವ ಸನ್ನೆ. ಪ್ಲಗ್ಗಿನ ರಂಧ್ರದಿಂದ ಡೀಸೆಲ್ ಮತ್ತು ಎಂಜಿನ್ ಎಣ್ಣೆಯ ಮಿಶ್ರಣ ಸುರಿದು ಬಟ್ಟೆ ತುರುಕಿದೆ. ನಾಲ್ಕು ದಿನ ಕಾದೆವು. ದಿನಕ್ಕೆರಡು ಬಾರಿ ಗಾಡಿಯನ್ನು ಮೇಲಿನ ಗೇರಿನಲ್ಲಿಟ್ಟು ಹಿಂಚಕ್ರವನ್ನು ಮುಂದಕ್ಕೂ ಹಿಂದಕ್ಕೂ ತೂಗುವುದು. ಮೇಲಿನ ಗೇರಿನಲ್ಲಿ ಚಕ್ರದ ಬಲ ಎಂಜಿನ್ನಿಗೆ ಹೆಚ್ಚಾಗಿ ಮುಟ್ಟುತ್ತದೆ. ಐದನೆಯ ದಿನ ಬೆಳಗ್ಗೆ ಚಕ್ರ ಒಂದು ನೂಲಿನಷ್ಟು ಸರಿಯಿತು. ಕುರ್ಚಿಯಲ್ಲಿ ಕುಳಿತಿದ್ದ ಅಣ್ಣನವರಿಗೆ ಅದು ಕಂಡಿರಲಾರದು, ಆದರೆ ಕೇಳಿಸಿತು. ಅವರ ಮುಖ ತಿರುಗಿದ್ದು ಚಕ್ರದ ಕಡೆಗಲ್ಲ, ಸಿಲಿಂಡರಿನ ಕಡೆಗೆ.

ಮೇಲಿನ ನಾಲ್ಕು ನಟ್ಟು ಬಿಚ್ಚಿ ಹೆಡ್ ತೆಗೆದಾಗ ಒಳಗೆ ಮಸಿ ಗಾರೆಯಂತೆ ಗಟ್ಟಿಯಾಗಿತ್ತು. ಅಲ್ಯೂಮಿನಿಯಮ್ಮಿಗೆ ಗೀರು ಬೀಳದಂತೆ ಬಿದಿರಿನ ಚಕ್ಕೆಯಿಂದ ಕೆರೆದೆ. ಎರಡು ಸೈಲೆನ್ಸರುಗಳಲ್ಲಿ ಒಂದರ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಬಿಚ್ಚಿದ ತಿರುಪುಗಳನ್ನು ಒಂದು ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು ಅವುಗಳ ಸ್ಥಾನದಲ್ಲಿಯೇ ಚುಚ್ಚಿಟ್ಟೆ. ಮೇಲಾಗಿ ಹಂತಹಂತಕ್ಕೂ ಮೊಬೈಲಿನಲ್ಲಿ ಚಿತ್ರ ತೆಗೆದೆ. ಮರಳಿ ಜೋಡಿಸುವಾಗ ನಾಲ್ಕು ನಟ್ಟುಗಳನ್ನು ಕರ್ಣಾಕಾರವಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಹೆಡ್ ಸೊಟ್ಟಾಗುತ್ತದೆ.

ಟ್ಯಾಂಕಿನ ತುಕ್ಕಿಗೆ ಮದ್ದು ಹೇಳಿದವರು ಅತ್ತಿಗೆಯವರು. ‘ಹಿತ್ತಾಳಿ ಕೊಡಕ್ಕ ಹುಣಸಿಹಣ್ಣು ಹಚ್ಚಂಗಿಲ್ಲೇನು? ಇದಕ್ಕೂ ಹಾಕು’ ಎಂದರು. ಕೂಡ್ಲಿಗಿ ದಾರಿಯ ಹುಣಸೆಮರಗಳನ್ನು ಕಂಡವರಿಗೆ ಈ ಸೀಮೆಯಲ್ಲಿ ಹುಣಸೆಗೆ ಬರವಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಹುಳಿಯಲ್ಲಿರುವ ಆಮ್ಲ ತುಕ್ಕನ್ನು ಕರಗಿಸುತ್ತದೆಂಬುದು ರಸಾಯನಶಾಸ್ತ್ರಕ್ಕೂ ಸಮ್ಮತವೇ. ಹುಳಿನೀರಿಗೆ ಒಂದು ಬೊಗಸೆ ಸಣ್ಣ ಕಲ್ಲು ಸೇರಿಸಿ ಕುಲುಕಿ ಒಂದು ರಾತ್ರಿ ಇಟ್ಟೆವು. ಬೆಳಗ್ಗೆ ಕೆಂಪು ರಾಡಿ ಹೊರಬಂತು. ಸೋಡಾ ನೀರಿನಿಂದ ತೊಳೆದು, ಬಿಸಿಲಿಗೆ ಒಣಗಿಸಿ, ಕೂಡಲೇ ಒಳಗೆ ಎಣ್ಣೆ ಸವರಬೇಕು. ತಡಮಾಡಿದರೆ ಮಧ್ಯಾಹ್ನದೊಳಗೆ ಹೊಸ ತುಕ್ಕು ಹುಟ್ಟುತ್ತದೆ. ಕಾರ್ಬ್ಯುರೇಟರಿನ ಕೂದಲೆಳೆಯಂಥ ರಂಧ್ರಗಳಲ್ಲಿ ಹಳೆಯ ಪೆಟ್ರೋಲು ಅಂಟಾಗಿ ಕೂತಿತ್ತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುತ್ತದೆ. ಅದು ನೀರನ್ನು ಹೀರುತ್ತದೆ, ಆ ಕಾಲದ ರಬ್ಬರಿಗೆ ಹಿತವೂ ಅಲ್ಲ. ಆದಕಾರಣ ಪೆಟ್ರೋಲಿನ ಕೊಳವೆಗಳನ್ನೆಲ್ಲ ಹೊಸದು ಹಾಕಿದೆ. ಅಣ್ಣನವರು ನಾಲ್ಕು ಬೆರಳು ತೋರಿಸಿದರು: ಲೀಟರಿಗೆ 40 ಮಿ.ಲೀ. ಎಣ್ಣೆ. ಅವರ ಅಳತೆ ಎಂದಿಗೂ ಅದೇ.

ಒತ್ತಡ ಬಂತು, ಇಂಧನ ಬಂತು. ಕಿಡಿ ಬಾರದು. ಈ ಗಾಡಿಯ ಕಿಡಿಗೆ ಬ್ಯಾಟರಿ ಬೇಕು, ಅದೂ 6 ವೋಲ್ಟಿನದು, ಹೊಸಪೇಟೆಯಿಂದ ತರಿಸಿದೆ. ಕಾಂಟ್ಯಾಕ್ಟ್ ಬ್ರೇಕರೆಂಬ ಎರಡು ಪುಟ್ಟ ಲೋಹದ ತುಟಿಗಳು ಬಲಬದಿಯ ಮುಚ್ಚಳದೊಳಗಿವೆ. ಅವು ತೆರೆದ ಕ್ಷಣದಲ್ಲಿ ಕಿಡಿ ಹಾರುತ್ತದೆ. ಕರಿಗಟ್ಟಿದ್ದ ಆ ತುಟಿಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಅಂತರವನ್ನು 0.4 ಮಿ.ಮೀ.ಗೆ ಇಟ್ಟೆ. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟಕ್ಕೆಂದಿತು. ಆದರೆ ಎಂಜಿನ್ ಹಿಡಿಯಲೊಲ್ಲದು. ಕಿಕ್ಕು ಮಾತ್ರ ಕಾಲಿಗೆ ತಿರುಗಿ ಒದೆಯುತ್ತಿತ್ತು.

ಆ ದಿನವನ್ನು ನಾನು ಮರೆಯಲಾರೆ. ಅಣ್ಣನವರು ಎಡಗೈಯ ಹೆಬ್ಬೆರಳು ತೋರುಬೆರಳು ಕೂಡಿಸಿ ಏನನ್ನೋ ಮೆಲ್ಲಗೆ ಎಳೆಯುವಂತೆ ಸನ್ನೆ ಮಾಡಿದರು. ದಾರವೆಂದುಕೊಂಡು ಅತ್ತಿಗೆಯವರು ದಾರದುಂಡೆ ತಂದರು. ತಲೆಯಾಡಿಸಿದರು. ನಾನು ಚಿಮುಟ ತೋರಿಸಿದೆ. ಅದೂ ಅಲ್ಲ. ಮತ್ತೆ ಅದೇ ಸನ್ನೆ, ಮತ್ತೆ ಅದೇ. ಗಂಟಲಿನಿಂದ ಏನೋ ಸದ್ದು ಹೊರಡಿಸಲು ಹೆಣಗಿ, ಆಗದೆ, ಅವರ ಕಣ್ಣಲ್ಲಿ ನೀರು ಬಂತು. ಊರೂರು ತಿರುಗಿ ಸಾವಿರ ರೈತರಿಗೆ ಬಿತ್ತುವ ಅಂತರ, ಗೊಬ್ಬರದ ಪ್ರಮಾಣ ಹೇಳಿದ ಬಾಯಿ ಅದು. ಅತ್ತಿಗೆಯವರು ಎದ್ದು ಒಳಗೆ ಹೋದರು. ಅಳುವುದಕ್ಕೆ ಹೋದರೆಂದು ನಾನು ಭಾವಿಸಿದೆ. ಹಾಗಲ್ಲ, ಅವರಿಗೆ ಏನೋ ನೆನಪಾಗಿತ್ತು. ತಮ್ಮ ಟ್ರಂಕಿನಿಂದ ಬೆಂಡೋಲೆ ಸುತ್ತಿಟ್ಟಿದ್ದ ಅಕ್ಕಸಾಲಿಗರ ಗುಲಾಬಿ ಬಣ್ಣದ ತೆಳುಕಾಗದ ತಂದು ಮುಂದೆ ಹಿಡಿದರು. ‘ಇದನ್ನ ಅಲ್ಲೇನ್ರಿ ನೀವು ಬೇಡಿ ಬೇಡಿ ಒಯ್ತಿದ್ದದ್ದು?’ ಎಂದರು. ಅಣ್ಣನವರು ಎಡಗೈಯಿಂದ ತಮ್ಮ ತೊಡೆಯ ಮೇಲೆ ಜೋರಾಗಿ ತಟ್ಟಿಕೊಂಡರು.

ಆ ಕಾಗದದ ಉಪಯೋಗವನ್ನು ತಮಗೆ ವಿವರಿಸುತ್ತೇನೆ. ತುಟಿಗಳು ತೆರೆದುಕೊಳ್ಳುವ ಕ್ಷಣ ಕಣ್ಣಿಗೆ ಕಾಣುವಂಥದ್ದಲ್ಲ. ಅವುಗಳ ನಡುವೆ ತೆಳುಕಾಗದದ ಒಂದು ಚೂರನ್ನಿಟ್ಟು, ಮೆಲ್ಲಗೆ ಎಳೆದು ಹಿಡಿದು, ಎಂಜಿನ್ನನ್ನು ಕೈಯಿಂದ ತಿರುಗಿಸುತ್ತ ಹೋಗಬೇಕು. ಕಾಗದ ಯಾವ ಕ್ಷಣದಲ್ಲಿ ಜಾರಿ ಬರುತ್ತದೆಯೋ ಅದೇ ಕಿಡಿಯ ಕ್ಷಣ. ಆಗ ಪಿಸ್ಟನ್ ತುತ್ತತುದಿಗೆ ಇನ್ನೂ ಸುಮಾರು 3 ಮಿ.ಮೀ. ಕೆಳಗಿರಬೇಕು. ಹೆಡ್ ಮತ್ತೆ ತೆಗೆದು ಅಳೆದರೆ ನಮ್ಮಲ್ಲಿ 5 ಮಿ.ಮೀ. ಇತ್ತು, ಕಿಡಿ ಅವಸರಪಡುತ್ತಿತ್ತು, ಕಿಕ್ಕು ತಿರುಗಿ ಒದೆಯುತ್ತಿದ್ದುದಕ್ಕೆ ಅದೇ ಕಾರಣ. ತಟ್ಟೆಯ ತಿರುಪು ಸಡಿಲಿಸಿ, ಕೊಂಚ ಸರಿಸಿ, ಮತ್ತೆ ಕಾಗದ ಎಳೆದು, ಮತ್ತೆ ಅಳೆದು, ಹೀಗೆ ಒಂದು ಮಧ್ಯಾಹ್ನ ಕಳೆಯಿತು. ಕೊನೆಯ ಸಲ ಕಾಗದ ಎಳೆದದ್ದು ನಾನಲ್ಲ. ಕುರ್ಚಿಯನ್ನು ಗಾಡಿಯ ಬಲಕ್ಕೆ ಸರಿಸಿ ಚೂರನ್ನು ಅಣ್ಣನವರ ಎಡಗೈಗೆ ಕೊಟ್ಟೆ. ನಾನು ಚಕ್ರ ತಿರುಗಿಸಿದೆ. ಕಾಗದ ಅವರ ಬೆರಳಿನಲ್ಲಿ ಜಾರಿ ಬಂದಾಗ ನಾನು ಚಕ್ರ ನಿಲ್ಲಿಸಿ ಅಳೆದೆ. ಮೂರು.

ಮರುದಿನ ಮೂರನೆಯ ಕಿಕ್ಕಿಗೆ ಗಾಡಿ ಹಿಡಿಯಿತು. ಕೊಟ್ಟಿಗೆಯೆಲ್ಲ ಹೊಗೆ, ಪಕ್ಕದ ಮನೆಯ ಮಕ್ಕಳೆಲ್ಲ ಬಾಗಿಲಿಗೆ. ಅಣ್ಣನವರು ಹೊಗೆಯ ಕಡೆ ನೋಡಲೇ ಇಲ್ಲ; ಕಣ್ಣುಮುಚ್ಚಿ ಕೇಳುತ್ತಿದ್ದರು. ಆಮೇಲೆ ತೋರುಬೆರಳಿನಿಂದ ಗಾಳಿಯಲ್ಲಿ ಅರ್ಧ ಸುತ್ತು ಬರೆದರು. ಕಾರ್ಬ್ಯುರೇಟರಿನ ತಿರುಪನ್ನು ಅರ್ಧ ಸುತ್ತು ಬಿಚ್ಚಿದೆ. ಬಡಿತ ಸಮವಾಯಿತು. ಬೆಂಗಳೂರಿನ ಮಗನಿಗೆ ದೂರವಾಣಿ ಹಚ್ಚಿ ಎಂಜಿನ್ನಿನ ಹತ್ತಿರ ಹಿಡಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ, ಬಳಿಕ ‘ಕಾಕಾ, ಬಂದಾಗ ನಂಗೂ ಕಲಿಸು’ ಎಂದ. ಔಷಧಿಯ ಖರ್ಚಿಗೆ ನಾವಿಬ್ಬರೂ ತಿಂಗಳಿಗೆ ಇಷ್ಟೆಂದು ಹಾಕಿಕೊಂಡೆವು.

ಈಗ ಗಾಡಿಯಲ್ಲಿ ಉಜ್ಜಿನಿಯವರೆಗೆ ಎರಡು ಸಲ ಹೋಗಿಬಂದಿದ್ದೇನೆ. ಕೆಲಸ ಮುಗಿದಿಲ್ಲ. ಟೂ-ಸ್ಟ್ರೋಕ್ ಎಂಜಿನ್ ಮೊದಲು ಹೊಗೆಯಾಡುವುದು ಸಹಜ. ಬಿಸಿಯಾದ ಮೇಲೆಯೂ ದಟ್ಟ ಹೊಗೆ ಹೋಗುತ್ತಿದ್ದರೆ, ಜೊತೆಗೆ ಗೇರುಪೆಟ್ಟಿಗೆಯ ಎಣ್ಣೆಯೂ ಇಳಿಯುತ್ತಿದ್ದರೆ, ಎಡಬದಿಯ ಆಯಿಲ್ ಸೀಲು ಗಟ್ಟಿಯಾಗಿ ಬಿರಿದಿದೆಯೆಂದು ಅರ್ಥ. ಎಂಜಿನ್ ಆ ಎಣ್ಣೆಯನ್ನೂ ಹೀರಿ ಸುಡುತ್ತಿದೆ. ಹೊಸ ಸೀಲು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂದಿದೆ. ಅದನ್ನು ಕೂರಿಸಲು ಮೊದಲು ಕ್ಲಚ್ ಬಿಚ್ಚಬೇಕು. ಕ್ಲಚ್ ಎಳೆಯುವ ಉಪಕರಣ ಅಂಗಡಿಯಲ್ಲಿ ಸಿಗದು, ಹಗರಿಬೊಮ್ಮನಹಳ್ಳಿಯ ಲೇತಿನಲ್ಲಿ ಮಾಡಿಸಲು ಕೊಟ್ಟಿದ್ದೇನೆ. ಮಾಘದಲ್ಲಿ ಕೊಟ್ಟೂರೇಶ್ವರರ ರಥೋತ್ಸವಕ್ಕೆ ಪಾದಯಾತ್ರಿಗಳು ರಸ್ತೆ ತುಂಬುವ ಮೊದಲೇ ಅದನ್ನು ತರಬೇಕು. ಅಳತೆಯ ಚಿತ್ರವನ್ನು ಅಣ್ಣನವರೇ ಎಡಗೈಯಿಂದ ಬರೆದುಕೊಟ್ಟಿದ್ದಾರೆ. ಗೆರೆಗಳು ಸೊಟ್ಟ, ಅಂಕಿಗಳು ಸ್ಪಷ್ಟ. ಲೇತಿನವನು ನೋಡಿ, ಇಷ್ಟು ಸಾಕೆಂದ.